ಕಾಫಿ ತೋಟದ ನೆರಳಲ್ಲಿ ಮುಖಗಳು: 50 ಎಂಎಂ ಒಳ್ಳೆಯದಾ, 85 ಎಂಎಂ ಒಳ್ಳೆಯದಾ?

ಜನವರಿಯಲ್ಲಿ ನಾವು ಆರು ಜನ ಗೆಳೆಯರು ಮೂರು ದಿನ ಕೊಡಗಿಗೆ ಹೋಗಿದ್ದೆವು, ಬರೀ ಜನರ ಫೋಟೊ ತೆಗೆಯಲಿಕ್ಕೆ. ರೊಬಸ್ಟಾ ಕಾಫಿಯ ಕೊಯ್ಲಿನ ಸಮಯ. ನನ್ನ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಕ್ಕೆ ಎರಡು ಲೆನ್ಸ್ ಇದ್ದವು: 50 ಎಂಎಂ ಮತ್ತು 85 ಎಂಎಂ. ಎಂಎಂ ಹೆಚ್ಚಾದಷ್ಟೂ ಲೆನ್ಸ್ ಹತ್ತಿರಕ್ಕೆ ಎಳೆದು, ಕಡಿಮೆ ಜಾಗ ತೋರಿಸುತ್ತದೆ. ಎರಡೂ ಎಫ್ 1.8, ಅಂದರೆ ಹಿಂದಿನದನ್ನು ಮಸುಕು ಮಾಡಬಲ್ಲವು. ಪೋರ್ಟ್ರೇಟ್ (ಒಬ್ಬ ವ್ಯಕ್ತಿಯ ಫೋಟೊ) ಅಂದರೆ 85 ಅಂತ ನಾನೂ ನಂಬಿದ್ದೆ.

ತೋಟದೊಳಗೆ ಅದು ಕಷ್ಟ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದರೂ, ಒಬ್ಬರು ತಲೆಯಿಂದ ಕಾಲಿನವರೆಗೆ ಬರಬೇಕೆಂದರೆ 85ರಲ್ಲಿ ಸುಮಾರು 14 ಅಡಿ ಹಿಂದೆ ಹೋಗಬೇಕು. 50ಕ್ಕೆ 8 ಅಡಿ ಸಾಕು. ಗಿಡಗಳ ನಡುವೆ 14 ಅಡಿ ಎಲ್ಲಿ ಸಿಗುತ್ತದೆ? ಹಿಂದೆ ಸರಿದರೆ ರೆಂಬೆ ಅಡ್ಡ, ಇಲ್ಲವೇ ಜೊತೆಯವರ ಬೆನ್ನು ಅಡ್ಡ. ಗುಂಪಿನಲ್ಲಿ ಹೋದಾಗ ಇದು ದೊಡ್ಡ ತೊಂದರೆ.

ಮೊದಲ ದಿನ ತೋಟದ ಮನೆಯ ಅಜ್ಜಿ ಕೊಡವ ಶೈಲಿಯಲ್ಲಿ ಸೀರೆ ಉಟ್ಟು ಬಂದರು. 85ರಲ್ಲಿ ಮುಖ ತುಂಬಾ ಚೆನ್ನಾಗಿ ಬಂತು, ಹಿಂದಿನ ಸಿಲ್ವರ್ ಓಕ್ ಮರಗಳು ಮೆತ್ತಗೆ ಕರಗಿದವು. ಆದರೆ ಆ ಸೀರೆಯ ನೆರಿಗೆ ಇರುವುದೇ ಬೆನ್ನ ಕಡೆ. 50 ಹಾಕಿ ಪಕ್ಕದಿಂದ ತೆಗೆದಾಗ ನೆರಿಗೆಯೂ ಬಂತು, ಕೈಯಲ್ಲಿದ್ದ ಬುಟ್ಟಿಯೂ ಬಂತು. ಹತ್ತಿರ ನಿಂತು ಮಾತಾಡಿಸುತ್ತಿದ್ದೆನಲ್ಲ, "ಸಾಕಾ ಮಗಾ?" ಅಂತ ಅವರು ನಕ್ಕಾಗಲೇ ಕ್ಲಿಕ್ ಮಾಡಿದೆ. ಹಾಗಂತ 50 ಹಿಡಿದು ಮುಖದ ಹತ್ತಿರಕ್ಕೇ ಹೋಗಬೇಡಿ, ಮೂಗು ದೊಡ್ಡದಾಗಿ ಕಾಣುತ್ತದೆ. ಬರೀ ಮುಖ ಬೇಕಾದರೆ 85ನ್ನು 50 ಮೀರಿಸುವುದಿಲ್ಲ.

ಎಡಿಟಿಂಗ್‌ನಲ್ಲಿ ಕಾಡಿದ್ದು ಹಸಿರು. ಎಲೆಗಳಿಂದ ಇಳಿದ ಬೆಳಕು ಕೆನ್ನೆಗೆ ಹಸಿರು ಬಳಿಯುತ್ತದೆ. ಟಿಂಟ್ ಅನ್ನು (ಹಸಿರು-ಮಜೆಂಟಾ ಹೊಂದಿಸುವ ಸ್ಲೈಡರ್) ಮಜೆಂಟಾ, ಅಂದರೆ ನೇರಳೆ-ಗುಲಾಬಿ ಕಡೆ ಎಳೆದರೆ ಚರ್ಮ ಸರಿಯಾಗುತ್ತದೆ, ಆದರೆ ಎಲೆಗಳ ಬಣ್ಣ ಸತ್ತುಹೋಗುತ್ತದೆ. ಸ್ನ್ಯಾಪ್‌ಸೀಡ್‌ನಲ್ಲಿ ವೈಟ್ ಬ್ಯಾಲೆನ್ಸ್ (ಒಟ್ಟು ಬಣ್ಣದ ಹೊಂದಾಣಿಕೆ) ಬದಲಿಸಿ, ಆಮೇಲೆ ಮುಖಕ್ಕೆ ಮಾತ್ರ ಬೆರಳಿನಿಂದ ಬ್ರಷ್ ಮಾಡಿದೆ. ಪುಕ್ಕಟೆ ಆ್ಯಪ್, ಒಂದೆರಡು ಫೋಟೊಗೆ ಧಾರಾಳ ಸಾಕು. ನಲವತ್ತು ಫೋಟೊ ಇದ್ದರೆ ಬೆರಳು ಸೋಲುತ್ತದೆ. ಲೈಟ್‌ರೂಮ್ ಅನ್ನುವ ಇನ್ನೊಂದು ಎಡಿಟಿಂಗ್ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು, ಆದರೆ ಮುಖದ ಚರ್ಮವನ್ನು ಅದೇ ಗುರುತಿಸಿ ಮಾಸ್ಕ್ ಮಾಡುತ್ತದೆ, ಅಂದರೆ ಬದಲಾವಣೆ ಅಷ್ಟು ಭಾಗಕ್ಕೆ ಮಾತ್ರ ತಾಗುವಂತೆ ಮಾಡುತ್ತದೆ. ಒಂದನ್ನು ಸರಿಮಾಡಿ ಉಳಿದವಕ್ಕೆ ಕಾಪಿ ಮಾಡಿದರಾಯಿತು. ಟ್ರಿಪ್ ಫೋಟೊಗಳಿಗೆ ನಾನು ಇದನ್ನೇ ಆರಿಸುತ್ತೇನೆ. ಚರ್ಮ ನುಣುಪು ಮಾಡುವ ಸ್ಲೈಡರ್ ಮಾತ್ರ ಎರಡರಲ್ಲೂ ಮುಟ್ಟಲಿಲ್ಲ. ಆ ಅಜ್ಜಿಯ ಸುಕ್ಕುಗಳನ್ನು ಅಳಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಮೂರನೇ ದಿನ ಇನ್ನೂ ಸುಲಭದ ದಾರಿ ಸಿಕ್ಕಿತು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ನೆರಳು ಮುಗಿಯುವ ಜಾಗದಲ್ಲಿ, ಜನರನ್ನು ಕಣದ ಕಡೆ ಮುಖ ಮಾಡಿ ನಿಲ್ಲಿಸಿದೆವು. ಸಿಮೆಂಟ್ ನೆಲದಿಂದ ಬೆಳಕು ಮೇಲೆದ್ದು ಕಣ್ಣಿನ ಕೆಳಗಿನ ಕಪ್ಪನ್ನೂ ತುಂಬಿತು, ಹಸಿರೂ ಹೋಯಿತು. ಅಲ್ಲಿ ಹಿಂದೆ ಸರಿಯಲು ಬೇಕಾದಷ್ಟು ಜಾಗ. ಚೀಲದಿಂದ 85 ಮತ್ತೆ ಹೊರಗೆ ಬಂತು.