ಹಳೇ ಗೋವಾದ ಇಗರ್ಜಿಗಳು: ಚಿರೇಕಲ್ಲಿನ ಊರಿನಿಂದ ಹೋದವನ ಕಣ್ಣಲ್ಲಿ

ಉತ್ತರ ಕನ್ನಡದ ಕರಾವಳಿಯಲ್ಲಿ ಮನೆ ಕಟ್ಟಿಸಿದವರಿಗೆ ಚಿರೇಕಲ್ಲಿನ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ನೆಲದಿಂದ ತೆಗೆಯುವಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಈ ಕೆಂಪುಕಲ್ಲಿನ ಮೈತುಂಬ ತೂತುಗಳಿರುತ್ತವೆ. ಮೇಲೆ ಗಾರೆಯ ಹೊದಿಕೆಯಿಲ್ಲದಿದ್ದರೆ ಆಷಾಢದ ಮಳೆಯನ್ನು ಅದು ಕುಡಿಯುತ್ತಲೇ ಹೋಗುತ್ತದೆ. ಹಳೇ ಗೋವಾದ ಇಗರ್ಜಿಗಳನ್ನು, ಅಂದರೆ ಚರ್ಚುಗಳನ್ನು, ನೋಡಲು ಹೊರಟವರು ಇದೊಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಹೋದರೆ ಸಾಕು, ಅಲ್ಲಿನ ಕಟ್ಟಡಗಳು ಅರ್ಧದಷ್ಟು ಕಥೆಯನ್ನು ತಾವೇ ಹೇಳುತ್ತವೆ.

ಕಾರವಾರದ ಕಡೆಯಿಂದ ಹೋಗುವವರು ಕೊಂಕಣ ರೈಲ್ವೆಯ ಕರ್ಮಲಿ ನಿಲ್ದಾಣದಲ್ಲಿ ಇಳಿದರೆ ಹಳೇ ಗೋವಾ ಹತ್ತಿರದಲ್ಲೇ ಇದೆ. ಪಣಜಿಯಿಂದಾದರೆ ಸುಮಾರು 10 ಕಿಲೋಮೀಟರ್, ಬಸ್ಸುಗಳು ಬೇಕಾದಷ್ಟಿವೆ. ಗೋವಾದ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಎಂಬ ಹೆಸರನ್ನು ಕಂಡು ಕನ್ನಡಿಗರಿಗೆ ಒಂದು ಗಳಿಗೆ ಖುಷಿಯಾಗುವುದು ಸಹಜ. ಪೋರ್ಚುಗೀಸರು ಬರುವ ಮೊದಲು ಈ ನೆಲವನ್ನು ಗೋವೆಯ ಕದಂಬರು ಆಳಿದ್ದರು. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಇದನ್ನು ಕಸಿದುಕೊಂಡದ್ದು ಬಿಜಾಪುರದ ಆದಿಲಶಾಹಿಗಳಿಂದ.

ಎಲ್ಲರೂ ಮೊದಲು ಹೋಗುವುದು ಬೋಮ್ ಜೀಸಸ್ ಬೆಸಿಲಿಕಾಕ್ಕೆ. 1594ರಲ್ಲಿ ಕೆಲಸ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಗೊಂಡ, ಜೆಸ್ವಿಟರೆಂಬ ಕ್ಯಾಥೊಲಿಕ್ ಧಾರ್ಮಿಕ ಸಂಘದವರ ಈ ಇಗರ್ಜಿಯ ಮುಂಭಾಗದಲ್ಲಿ ವಸಾಯಿಯಿಂದ ತರಿಸಿದ ಕರಿಕಲ್ಲಿನ ಕಂಬ, ಪಟ್ಟಿಕೆಗಳಿವೆ. ಉಳಿದ ಮೈಯೆಲ್ಲ ಬರಿಯ ಚಿರೇಕಲ್ಲು. ಫೋಟೋಗಳಲ್ಲಿ ಇಷ್ಟೊಂದು ಗಂಭೀರವಾಗಿ ಕಾಣುವ ಆ ಕೆಂಪು ಅದರ ಹುಟ್ಟುಬಣ್ಣವಲ್ಲ. ಗೋವಾದ ಬೇರೆಲ್ಲ ಇಗರ್ಜಿಗಳಂತೆ ಇದೂ ಸುಣ್ಣದ ಗಾರೆ ಹೊದ್ದು ಬೆಳ್ಳಗೇ ಇತ್ತು. 1950ರ ದಶಕದ ಆರಂಭದಲ್ಲಿ, ಕಲ್ಲು ತೆರೆದಿದ್ದರೆ ಕಟ್ಟಡ ಇನ್ನಷ್ಟು ಪುರಾತನವಾಗಿ ಕಾಣುತ್ತದೆಂಬ ಭಾವನೆಯಿಂದ ಪೋರ್ಚುಗೀಸ್ ವಾಸ್ತುಶಿಲ್ಪಿ ಬಲ್ತಾಜಾರ್ ಕಾಸ್ತ್ರೋ ಹೊರಗಿನ ಗಾರೆಯನ್ನು ಕೆರೆಸಿ ತೆಗೆಸಿದನು. ನಾನು ಹಿಡಿದುಕೊಂಡ ಒಬ್ಬ ಗೈಡು, ಕಟ್ಟುವಾಗಲೇ ಇದನ್ನು ಹೀಗೆ ಕೆಂಪಗೆ ಕಟ್ಟಿದ್ದೆಂದು ಗಟ್ಟಿಯಾಗಿ ವಾದಿಸಿದರು. ರಸ್ತೆಯ ಆಚೆಗೆ ಬೆಳ್ಳಗೆ ನಿಂತಿರುವ ಸೆ ಕ್ಯಾಥೆಡ್ರಲನ್ನು ತೋರಿಸಿ, ಅದೂ ಇದೇ ಕಲ್ಲಿನದಲ್ಲವೇ ಎಂದು ಕೇಳಿದಾಗ ಅವರು ನಗುತ್ತ ಮಾತು ಬದಲಿಸಿದರು. ಗೈಡು ಬೇಡವೆಂದು ಹೇಳುತ್ತಿಲ್ಲ. ಹೋಗುವ ಮೊದಲು ಒಂದಿಷ್ಟು ಓದಿಕೊಂಡು ಹೋದರೆ ಕೊಟ್ಟ ಹಣಕ್ಕೆ ನ್ಯಾಯ ಸಿಗುತ್ತದೆ.

ಒಳಗೆ ಕಾಲಿಟ್ಟೊಡನೆ ಎದುರಾಗುವುದು ನೆಲದಿಂದ ಚಾವಣಿಯವರೆಗೆ ಚಿನ್ನದ ಲೇಪದಲ್ಲಿ ಹೊಳೆಯುವ ಮುಖ್ಯ ಬಲಿಪೀಠ. ಜೆಸ್ವಿಟ್ ಸಂಘದ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾರ ದೊಡ್ಡ ಪ್ರತಿಮೆ ಅಲ್ಲಿನ ಕೇಂದ್ರ. ಇಗರ್ಜಿಗೆ ಹೆಸರು ಕೊಟ್ಟ ಬಾಲಯೇಸು ಅದರ ಕೆಳಗೆ ಪುಟ್ಟದಾಗಿ ನಿಂತಿದ್ದಾನೆ. ಈ ಅಳತೆಯ ಏರುಪೇರು ನನಗೆ ಬಲಿಪೀಠದ ಸೌಂದರ್ಯಕ್ಕಿಂತ ಹೆಚ್ಚು ಹೊತ್ತು ಕಾಡಿತು. ಜನ ಮಾತ್ರ ಬಲಕ್ಕೆ ತಿರುಗಿ, ಏಷ್ಯಾದಲ್ಲಿ ಧರ್ಮಪ್ರಚಾರ ಮಾಡಿದ ಜೆಸ್ವಿಟ್ ಸಂತ ಫ್ರಾನ್ಸಿಸ್ ಕ್ಸೇವಿಯರರ ಸಮಾಧಿಯತ್ತ ಹೋಗುತ್ತಾರೆ. 1552ರ ಡಿಸೆಂಬರ್ 3ರಂದು ಚೀನಾ ತೀರದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡ ಅವರ ದೇಹವನ್ನು ಮಲಾಕಾದ ಮೂಲಕ 1554ರಲ್ಲಿ ಗೋವಾಕ್ಕೆ ತರಲಾಯಿತು. ಗೋವಾದ ಅಕ್ಕಸಾಲಿಗರು 1636–37ರ ಸುಮಾರಿಗೆ ಮಾಡಿದ ಬೆಳ್ಳಿಯ ಪೆಟ್ಟಿಗೆಯಲ್ಲಿ ಆ ದೇಹವಿದೆ. ಆ ಪೆಟ್ಟಿಗೆಯನ್ನು ಹೊತ್ತಿರುವ ಅಮೃತಶಿಲೆಯ ಪೀಠ ಫ್ಲಾರೆನ್ಸಿನ ಶಿಲ್ಪಿ ಫೋಗಿನಿಯದು, ಟಸ್ಕನಿಯ ಮೂರನೆಯ ಕೋಸಿಮೋ ದೊರೆಯ ಕಾಣಿಕೆಯಾಗಿ ಬಂದು 1698ರಲ್ಲಿ ಇಲ್ಲಿ ಜೋಡಣೆಗೊಂಡದ್ದು. ಪೆಟ್ಟಿಗೆ ಬಹಳ ಎತ್ತರದಲ್ಲಿರುವುದರಿಂದ ಕೆಳಗೆ ನಿಂತವರಿಗೆ ದೇಹದ ದರ್ಶನ ಆಗುವುದಿಲ್ಲವೆಂದೇ ಹೇಳಬೇಕು. ಅದಕ್ಕಾಗಿಯೇ ಹೋಗುವವರು ಹತ್ತು ವರ್ಷಕ್ಕೊಮ್ಮೆ ನಡೆಯುವ ಸಾರ್ವಜನಿಕ ದರ್ಶನಕ್ಕೆ ಕಾಯಬೇಕು. ಕಳೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸೆ ಕ್ಯಾಥೆಡ್ರಲಿನಲ್ಲಿ ನಡೆಯಿತು. ಆದರೆ ನಿರಾಶರಾಗಬೇಕಾಗಿಲ್ಲ. ಪೀಠದ ಕಂಚಿನ ಉಬ್ಬುಶಿಲ್ಪಗಳನ್ನು ಸಾವಧಾನವಾಗಿ ನೋಡುವುದಕ್ಕೆ ಜನಸಂದಣಿಯಿಲ್ಲದ ಸಾಮಾನ್ಯ ದಿನವೇ ಮೇಲು. ‘ಗೋಂಯ್ಚೊ ಸಾಯ್ಬ್’ (ಗೋವಾದ ಒಡೆಯ) ಎಂದು ಕೊಂಕಣಿಗರು ಕರೆಯುವ ಈ ಸಂತನ ಮುಂದೆ ಕೈಮುಗಿದು ನಿಂತವರಲ್ಲಿ ಕ್ರೈಸ್ತರಷ್ಟೇ ಇರಲಿಲ್ಲ.

ಸೆ ಕ್ಯಾಥೆಡ್ರಲ್ ಸಂತ ಕ್ಯಾಥರೀನಳಿಗೆ ಅರ್ಪಿತವಾದದ್ದು. ಅಲ್ಬುಕರ್ಕ್ ಊರನ್ನು ಗೆದ್ದದ್ದು ಅವಳ ಹಬ್ಬದ ದಿನ. ಇದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು, ಮತ್ತೆ ಯಾರೂ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ ‘ಚಿನ್ನದ ಗಂಟೆ’ ಎಂದೇ ಹೆಸರಾದ ಗಂಟೆಯಿದೆ. ಒಳಗಿನ ವಿಸ್ತಾರ ದೊಡ್ಡದು, ಬೆಳಕು ಹಿತವಾದದ್ದು. ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಲು ಇಡೀ ಊರಿನಲ್ಲಿ ನಾನು ಆರಿಸಿಕೊಳ್ಳುವ ಜಾಗ ಇದೇ. ಪಕ್ಕದ ಸಂತ ಫ್ರಾನ್ಸಿಸ್ ಅಸ್ಸಿಸಿಯ ಇಗರ್ಜಿಯ ನೆಲಕ್ಕೆ ಗೋರಿಕಲ್ಲುಗಳನ್ನೇ ಹಾಸಿದ್ದಾರೆ. ಅದರ ಮಠದ ಭಾಗದಲ್ಲಿ ಪುರಾತತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯವಿದ್ದು, ವೈಸರಾಯರ ವರ್ಣಚಿತ್ರಗಳ ಸಾಲನ್ನು ಬೇಗ ದಾಟಿಯಾದರೂ ಕದಂಬರ ಕಾಲದ ವೀರಗಲ್ಲುಗಳ ಮುಂದೆ ನಿಲ್ಲಲೇಬೇಕು. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕುದುರೆ, ತುರುಗಳನ್ನು ಕಂಡವರಿಗೆ ಹಡಗಿನ ಕಾಳಗ ಕೆತ್ತಿದ ಕಲ್ಲು ಹೊಸ ನೋಟ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ.

ಗುಮ್ಮಟದ ಸಂತ ಕಜೆಟಾನ್ ಇಗರ್ಜಿಯನ್ನು ಇಟಲಿಯ ಥಿಯಾಟೀನ್ ಸಂನ್ಯಾಸಿಗಳು ರೋಮಿನ ಸಂತ ಪೀಟರರ ಬೆಸಿಲಿಕಾದ ಮಾದರಿಯಲ್ಲಿ ಕಟ್ಟಿಸಿದರು. ಚೆಂದವಾಗಿದೆ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಬಳಿ ಒಂಟಿಯಾಗಿ ನಿಂತಿರುವ ಆದಿಲಶಾಹಿ ಅರಮನೆಯ ಕಲ್ಲಿನ ಬಾಗಿಲು. ಅದೇ ಅರಮನೆಯಲ್ಲಿ ಪೋರ್ಚುಗೀಸರ ಧಾರ್ಮಿಕ ನ್ಯಾಯಾಸನ, ಅಂದರೆ ಧರ್ಮದ್ರೋಹದ ಆರೋಪಗಳನ್ನು ವಿಚಾರಿಸುವ ಇನ್‌ಕ್ವಿಸಿಶನ್, 1560ರಿಂದ ನೆಲೆಸಿತ್ತು. ಬಾಗಿಲನ್ನು ಬಿಟ್ಟರೆ ಆ ಅರಮನೆ ಇಂದು ಉಳಿದಿಲ್ಲ. ಆ ಕಾಲದ ಮತಾಂತರದ ಬಲವಂತಕ್ಕೆ ಹೆದರಿ ದೇವರನ್ನು ಹೊತ್ತು ದಕ್ಷಿಣಕ್ಕೆ ಬಂದವರ ಸಂತತಿ ನಮ್ಮ ಕರಾವಳಿಯಲ್ಲಿ ಇದೆ.

ಕೊನೆಗೆ ಗುಡ್ಡ ಹತ್ತಬೇಕು. ಹೆಚ್ಚಿನ ಪ್ರವಾಸಿ ಬಸ್ಸುಗಳು ಇಲ್ಲಿಯವರೆಗೆ ಜನರನ್ನು ಕರೆತರುವುದಿಲ್ಲ, ಆದರೆ ನನ್ನ ಮಟ್ಟಿಗೆ ಸಂತ ಆಗಸ್ಟಿನರ ಇಗರ್ಜಿಯ ಅವಶೇಷವೇ ಹಳೇ ಗೋವಾದ ಅತ್ಯುತ್ತಮ ತಾಣ. 1602ರಲ್ಲಿ ಪೂರ್ಣಗೊಂಡ ಈ ಇಗರ್ಜಿಯ ಸಂನ್ಯಾಸಿಗಳನ್ನು 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಹೊರಹಾಕಿತು. ಅಷ್ಟರಲ್ಲಿ ಸಾಂಕ್ರಾಮಿಕ ಜ್ವರಗಳಿಗೆ ಹೆದರಿ ಊರಿನ ಜನವೂ ಖಾಲಿಯಾಗಿತ್ತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗದೊಡನೆ ಗೋಪುರದ ಅರ್ಧ ಉರುಳಿತು. ಉಳಿದ ಸುಮಾರು 46 ಮೀಟರಿನ ಚಿರೇಕಲ್ಲಿನ ಗೋಪುರ ಆಕಾಶಕ್ಕೆ ತೆರೆದು ನಿಂತಿದೆ. ಅದರ ಗಂಟೆ ಈಗ ಪಣಜಿಯ ಮೆಟ್ಟಿಲುಗಳ ಇಗರ್ಜಿಯಲ್ಲಿದೆ. 1624ರಲ್ಲಿ ಶಿರಾಜ್‌ನಲ್ಲಿ ಹತಳಾದ ಜಾರ್ಜಿಯಾದ ರಾಣಿ ಕೇತೇವಾನಳ ಅಸ್ಥಿಯನ್ನು ಆಗಸ್ಟಿನ್ ಸಂನ್ಯಾಸಿಗಳು ತಂದು ಇಲ್ಲಿಟ್ಟಿದ್ದರು. ಹಳೆಯ ಬರಹಗಳ ಜಾಡು ಹಿಡಿದು ಅಗೆದವರಿಗೆ ಅದು ಸಿಕ್ಕಿ, ಹೈದರಾಬಾದಿನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿ, 2021ರಲ್ಲಿ ಭಾರತ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು.

ಇಗರ್ಜಿಗಳ ಪ್ರವೇಶಕ್ಕೆ ಹಣವಿಲ್ಲ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಭಾನುವಾರ ಬೆಳಿಗ್ಗೆ ಬಲಿಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಓಡಾಡದಿರುವುದು ಲೇಸು. ಅರ್ಧ ದಿನ ಸಾಲದು, ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ನಾನು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಮಧ್ಯಾಹ್ನ ಒಂದು ಮಳೆ ಬಂದಿತ್ತು. ಸಂಜೆ ಗುಡ್ಡ ಇಳಿದು ಬಂದಾಗ ಸೆ ಕ್ಯಾಥೆಡ್ರಲಿನ ಬಿಳಿಗೋಡೆ ಒಣಗಿತ್ತು. ಬೆಸಿಲಿಕಾದ ಪಕ್ಕದ ಗೋಡೆ ಇನ್ನೂ ಒದ್ದೆಯಾಗಿ ಕಪ್ಪಿಟ್ಟುಕೊಂಡಿತ್ತು.