ಪಾಸ್ ಉಂಟು, ಸೀಟು ಇಲ್ಲ: ಯುರೋಪ್ ರೈಲಿನ ನಮ್ಮ ಮೊದಲ ದಿನ

ರೈಲು ಪಾಸ್ ಮಾಡಿಸಿಕೊಂಡು ಯುರೋಪಿಗೆ ಹೊರಟ ಕಾಸರಗೋಡು ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹದಿನೆಂಟು ದಿನದ ಪ್ರಯಾಣದ ಮೊದಲ ದಿನವೇ ನಾನೂ ನನ್ನ ಹೆಂಡತಿಯೂ ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಲ್ಲಿ ಗೇಟಿನ ಹೊರಗೇ ಉಳಿದೆವು. ನಮ್ಮನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕರೆದೊಯ್ಯಬೇಕಿದ್ದ ರೈಲು ನಮ್ಮ ಕಣ್ಣೆದುರೇ ಹೊರಟು ಹೋಯಿತು.

ಪಾಸ್ ಮಾಡಿಸಿಕೊಟ್ಟದ್ದು ಊರಿನ ಒಬ್ಬ ಏಜೆಂಟ್. ಯುರೇಲ್ ಗ್ಲೋಬಲ್ ಪಾಸ್, 33 ದೇಶಗಳಲ್ಲಿ ನಡೆಯುತ್ತದೆ. ಅದು ಸುಳ್ಳಲ್ಲ. ಸೀಟಿನ ವಿಷಯ ಎಂತ ಎಂದು ನಾನು ಎರಡು ಸಲ ಕೇಳಿದ್ದೆ. "ಪಾಸ್ ಉಂಟಲ್ಲ ಸರ್, ಹೋಗಿ ಕೂತರಾಯ್ತು" ಎಂದರು. ಎರಡು ವರ್ಷ ಅಡಿಕೆ ಮಾರಿ ಕೂಡಿಟ್ಟ ದುಡ್ಡನ್ನು ಆ ಒಂದು ಮಾತು ನಂಬಿ ಕೊಟ್ಟೆವು.

ನಿಜ ಸಂಗತಿಯನ್ನು ನಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಕುಂಬಳೆ, ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗುವ ಕಾಲೇಜು ಮಕ್ಕಳ ಕೈಯಲ್ಲಿ ಸೀಸನ್ ಟಿಕೆಟ್ ಇರುತ್ತದೆ. ಅದನ್ನು ಹಿಡಿದುಕೊಂಡು ವಂದೇ ಭಾರತ್ ಹತ್ತಿದರೆ ಟಿಟಿಇ ಬಿಡುತ್ತಾರೆಯೇ? ಫ್ರಾನ್ಸಿನ ಟಿಜಿವಿ ಎಂಬ ವೇಗದ ರೈಲಿನಲ್ಲೂ ಹಾಗೆಯೇ. ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ರಿಸರ್ವೇಶನ್ ಮಾಡಿಸಲೇಬೇಕು. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಲಿರಿಯಾ ರೈಲುಗಳಿಗೂ ಅದೇ ನಿಯಮ. ಅದರ ಮೇಲೆ, ಪಾಸ್‌ದಾರರಿಗೆ ಪ್ರತಿ ರೈಲಿನಲ್ಲಿ ಇಂತಿಷ್ಟೇ ಸೀಟು ಎಂಬ ಕೋಟಾ ಇರುತ್ತದೆ. ಅದು ಮುಗಿದರೆ ರೈಲಿನಲ್ಲಿ ಜಾಗ ಇದ್ದರೂ ಪೂರ್ತಿ ಬೆಲೆಯ ಟಿಕೆಟೇ ಗತಿ.

ಇದ್ಯಾವುದೂ ಗೊತ್ತಿಲ್ಲದೆ ನಾವು ಒಂದು ಗಂಟೆ ಮೊದಲೇ ಹೋಗಿ ಕೂತಿದ್ದೆವು. ಆ ನಿಲ್ದಾಣದಲ್ಲಿ ಕೆಲವು ಪ್ಲಾಟ್‌ಫಾರ್ಮುಗಳಿಗೆ ಅಕ್ಷರ, ಕೆಲವಕ್ಕೆ ಅಂಕಿ. ರೈಲು ಹೊರಡಲು ಇಪ್ಪತ್ತು ನಿಮಿಷ ಇರುವಾಗಷ್ಟೇ ಯಾವುದೆಂದು ಬೋರ್ಡಿನಲ್ಲಿ ಬಂತು. ಬೆನ್ನಿಗೊಂದು, ಕೈಗೊಂದು ಚೀಲ ಹಿಡಿದು ಓಡಿದೆವು. ಗಾಜಿನ ಗೇಟಿನ ಕಿಂಡಿಗೆ ಮೊಬೈಲ್ ಹಿಡಿದೆ, ಕೆಂಪು ದೀಪ. ಪರದೆ ಒರೆಸಿ ಮತ್ತೆ ಹಿಡಿದೆ, ಮತ್ತೆ ಕೆಂಪು. ಹಿಂದೆ ನಿಂತವರು ಪಕ್ಕದ ಗೇಟಿಗೆ ಸರಿದುಕೊಂಡರು. ಗೇಟಿನಲ್ಲಿ ಕೆಲಸಕ್ಕಿದ್ದ ಹುಡುಗಿ ಸಿಟ್ಟು ಮಾಡಲಿಲ್ಲ. ನನ್ನ ಪಾಸ್ ನೋಡಿ, ಕೌಂಟರ್ ಕಡೆ ಕೈ ತೋರಿಸಿ, "ರಿಸರ್ವೇಶನ್" ಎಂಬ ಒಂದೇ ಶಬ್ದ ಹೇಳಿದಳು. ಟಿಜಿವಿ ಬಾಗಿಲು ಹೊರಡುವುದಕ್ಕೆ ಎರಡು ನಿಮಿಷ ಮೊದಲೇ ಮುಚ್ಚುತ್ತದೆ. ಅಷ್ಟು ಹೊತ್ತಿನಲ್ಲಿ ಕೌಂಟರಿನ ಸಾಲಿನಲ್ಲಿ ನಾಲ್ಕು ಜನ ಮುಂದೆ ಹೋಗುವುದೂ ಆಗದು. ನಮ್ಮ ಸರದಿ ಬಂದಾಗ ಆ ದಿನದ ಕೋಟಾ ಪೂರ್ತಿ ಮುಗಿದಿದೆ ಎಂದರು.

ಹೆಂಡತಿ ಗೋಡೆ ಬದಿಗೆ ಚೀಲದ ಮೇಲೆಯೇ ಕೂತಳು. ಅವಳಿಗೆ ಮಂಡಿನೋವು. ಡಬ್ಬಿಯ ಚಪಾತಿ ತೆಗೆದು ನನಗೊಂದು ಕೊಟ್ಟಳು, ತಾನು ತಿನ್ನಲಿಲ್ಲ.

ಕೊನೆಗೆ ಕೌಂಟರಿನಾತನೇ ದಾರಿ ತೋರಿಸಿದ. ಟಿಇಆರ್ ಎಂಬ ಪ್ರಾದೇಶಿಕ ರೈಲುಗಳಲ್ಲಿ ಪಾಸ್ ಸಾಕು. ಡಿಜೋನ್‌ಗೆ ಒಂದು, ಅಲ್ಲಿಂದ ಬೆಜಾನ್ಸೋನ್, ಬೆಲ್ಫೋರ್, ಮುಲೂಸ್, ಆಮೇಲೆ ಬಾಸೆಲ್. ನೇರ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿಗೆ ಇಡೀ ದಿನ ಹಿಡಿಯಿತು. ಅಲ್ಲೂ ಒಂದು ಗಂಡಾಂತರ ಕಾದಿತ್ತು. ಮೊಬೈಲ್ ಪಾಸ್‌ನಲ್ಲಿ ಪ್ರತಿ ರೈಲನ್ನೂ ಹತ್ತುವ ಮೊದಲೇ ಆ್ಯಪ್‌ಗೆ ಸೇರಿಸಬೇಕು, ಇಲ್ಲದಿದ್ದರೆ ಟಿಕೆಟ್ ಇಲ್ಲದವರ ಲೆಕ್ಕ. ಪಕ್ಕದಲ್ಲಿದ್ದ ಒಬ್ಬ ವಿದ್ಯಾರ್ಥಿ ಡಿಜೋನ್‌ನಲ್ಲಿ ಎಲ್ಲವನ್ನೂ ಹಾಕಿಕೊಟ್ಟ, ಅವನ ಉಪಕಾರ ಮರೆಯುವಂತಿಲ್ಲ. ಬಾಸೆಲ್ ಮುಟ್ಟುವಾಗ ಮೊಬೈಲಿನಲ್ಲಿ 4 ಶೇಕಡ ಚಾರ್ಜ್ ಉಳಿದಿತ್ತು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇಡಿ. ಬಾಸೆಲ್‌ನಿಂದ ಮುಂದೆ ಹೋಗಿ ತಂಗಲು ಮುಂಗಡ ಕೊಟ್ಟಿದ್ದ ಇಂಟರ್‌ಲಾಕೆನ್ ಕೋಣೆ ಆ ರಾತ್ರಿ ಖಾಲಿ ಹೋಯಿತು, ಬಾಸೆಲ್‌ನಲ್ಲಿ ಬೇರೆ ಕೋಣೆಗೆ ದುಡ್ಡು ತೆತ್ತೆವು.

ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾದ ಹೆಚ್ಚಿನ ಹಗಲು ರೈಲುಗಳಿಗೆ ಪಾಸ್ ತೋರಿಸಿದರೆ ಸಾಕು, ಮುಂದೆ ನಮಗೆ ಅಲ್ಲಿ ತೊಂದರೆಯೇ ಆಗಲಿಲ್ಲ. ಫ್ರಾನ್ಸಿನ ಟಿಜಿವಿ, ಇಟಲಿಯ ವೇಗದ ರೈಲುಗಳು, ಸ್ಪೇನಿನ ವೇಗದ ರೈಲು ಎವಿಇ, ಲಂಡನ್ ಕಡೆ ಹೋಗುವ ಯುರೋಸ್ಟಾರ್, ರಾತ್ರಿ ರೈಲಿನ ಮಲಗುವ ಬೋಗಿ, ಇವಕ್ಕೆಲ್ಲ ಮೊದಲೇ ಸೀಟು ಮಾಡಿಸಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟದ ನೋಟಕ್ಕೆಂದೇ ಓಡುವ ಗ್ಲೇಸಿಯರ್ ಎಕ್ಸ್‌ಪ್ರೆಸ್‌ಗೂ ಬೇಕು. ಆದರೆ ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ರೈಲಿಗೆ ಬೇಡ, ನೋಟವೂ ಅದೇ. ಇನ್ನೊಂದು: ಅಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ನಿಮಗೆ ಇಂಟರ್‌ರೇಲ್ ಪಾಸ್ ತೆಗೆದುಕೊಡಲು ಹೋದರೆ ತಡೆಯಿರಿ. ಅದು ಯುರೋಪಿನಲ್ಲಿ ವಾಸ ಇರುವವರಿಗೆ, ಇಲ್ಲಿಂದ ಹೋಗುವ ನಮಗೆ ಯುರೇಲ್.

ಊರಿಗೆ ಬಂದು ಏಜೆಂಟರಲ್ಲಿ ಕೇಳಿದರೆ, "ಪಾಸ್ ಸರಿಯಾಗಿಯೇ ಇತ್ತಲ್ಲ" ಎಂಬುದೇ ಉತ್ತರ. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ.

ಕಳೆದ ವಾರ ಬದಿಯಡ್ಕದ ಪರಿಚಯದವರೊಬ್ಬರು ತಮ್ಮ ಕಾಗದಗಳನ್ನು ತಂದು ನಮ್ಮ ಜಗಲಿಯಲ್ಲಿ ಹರಡಿದರು. ಅದೇ ಏಜೆಂಟ್. ರಿಸರ್ವೇಶನ್ ಆಗಿದ್ದರೆ ಬೋಗಿ ನಂಬರ್, ಸೀಟು ನಂಬರ್ ಎರಡೂ ಇರಬೇಕು. ಒಂದೊಂದೇ ಹಾಳೆ ತಿರುಗಿಸುತ್ತಾ ಬಂದೆವು. ಮಿಲಾನ್‌ನಿಂದ ವೆನಿಸ್‌ಗೆ ಹೋಗುವ ವೇಗದ ರೈಲಿನ ಹಾಳೆಯಲ್ಲಿ ಎರಡೂ ಇರಲಿಲ್ಲ. ಅವರು ಅಲ್ಲೇ ಕೂತು ಫೋನ್ ಹಚ್ಚಿದರು.