ಚಿಕ್ಕಬಳ್ಳಾಪುರದ ಬಂಡೆಯ ಮೇಲೆ ರಾಸ್ಪ್‌ಬೆರಿ ಶೇಕ್ 1ಡಿ: ಏನು ಕೇಳಿಸುತ್ತದೆ, ಏನು ಕೇಳಿಸದು

ಗೌರಿಬಿದನೂರಿನಲ್ಲಿ 1965ರಲ್ಲೇ ಭೂಕಂಪಮಾಪಕಗಳ ಸಾಲು ಹೂಡಿದ್ದರು. ಆ ಗಟ್ಟಿ ಬಂಡೆ ಜಿಲ್ಲೆಯ ಕಾಲೇಜುಗಳ ಕಾಲಡಿಯಲ್ಲೂ ಇದೆ. ಹಾಗಾಗಿ ನೆಲದ ಕಂಪನ ದಾಖಲಿಸುವ ರಾಸ್ಪ್‌ಬೆರಿ ಶೇಕ್ 1ಡಿ ಎಂಬ ಈ ಪುಟ್ಟ ಡಬ್ಬಿಗೆ ಇಲ್ಲಿ ಒಳ್ಳೆಯ ನೆಲೆಯಿದೆ.

ಒಳಗಿರುವುದು 4.5 ಹರ್ಟ್ಜ್‌ನ ಒಂದೇ ಜಿಯೋಫೋನ್, ಅಂದರೆ ನೆಲದ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಸಂವೇದಕ. ನೆಲದ ಮೇಲೆ-ಕೆಳಗಿನ ಅಲುಗಾಟವನ್ನಷ್ಟೇ ಸೆಕೆಂಡಿಗೆ 100 ಸಲ ಅಳೆಯುತ್ತದೆ. ನೆಲಮಹಡಿಯ ಕಾಂಕ್ರೀಟ್ ಮೇಲೆ, ಮೂರೂ ಸ್ಕ್ರೂ ತಿರುಗಿಸಿ ಮಟ್ಟ ತೋರಿಸುವ ಗುಳ್ಳೆ ನಡುವಿಗೆ ಬರುವಂತೆ ಇಡಿ. ಟೈಲ್ಸ್ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಜಾಗ ಬೇಡ. ಬೋರ್‌ವೆಲ್ ಮೋಟಾರ್ ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುವುದರಿಂದ ಆವರ್ತನದ ಚಿತ್ರದಲ್ಲಿ 48 ಹರ್ಟ್ಜ್ ಬಳಿ ನೇರ ಗೆರೆ ಬೀಳುತ್ತದೆ. ಫಿಲ್ಟರ್ ಹಾಕಿದರೆ ಹೋಗುತ್ತದೆ.

ಹೆಚ್ಚಿನ ತೊಂದರೆ ಕರೆಂಟಿನದು. ಹಠಾತ್ತಾಗಿ ಹೋದರೆ ಎಸ್‌ಡಿ ಕಾರ್ಡ್ ಕೆಡಬಹುದು, ಸಣ್ಣ ಯುಪಿಎಸ್ ಬೇಕೇ ಬೇಕು. ಸಮಯ ಇಂಟರ್‌ನೆಟ್‌ನಿಂದ ಬರುತ್ತದೆ. ನೆಟ್ ಇಲ್ಲದೆ ಮತ್ತೆ ಶುರುವಾದರೆ ಗಡಿಯಾರ ತಪ್ಪುತ್ತದೆ. ಒಂದು ಸೆಕೆಂಡಿನ ತಪ್ಪಿಗೆ ಪಿ ಅಲೆ (ಭೂಕಂಪದಿಂದ ಮೊದಲು ತಲುಪುವ ವೇಗದ ಅಲೆ) 6 ಕಿ.ಮೀ. ದಾಟಿರುತ್ತದೆ. ವೈಫೈಗಿಂತ ಕೇಬಲ್ ವಾಸಿ.

2021ರ ಡಿಸೆಂಬರ್ 22ರಂದು ಇಲ್ಲಿ ಆದಂಥ 3ರ ಆಸುಪಾಸಿನ ಪ್ರಮಾಣದ (ಮ್ಯಾಗ್ನಿಟ್ಯೂಡ್) ಕಂಪನಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಪಿ ಮತ್ತು ಅದರ ಹಿಂದೆ ನಿಧಾನವಾಗಿ ಬರುವ ಎಸ್ ಅಲೆಗಳ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. ದಿಕ್ಕು ಸಿಗದು, ಅದಕ್ಕೆ ಕನಿಷ್ಠ ಮೂರು ಕಡೆ ಡಬ್ಬಿ ಬೇಕು. ಕ್ವಾರಿಯ ಸಿಡಿತ ಗೊಂದಲ ಹುಟ್ಟಿಸುತ್ತದೆ: ಹಗಲು ಹೊತ್ತು, ಮೊದಲ ಜಿಗಿತ ಮೇಲಕ್ಕೆ, ಎಸ್ ಅಲೆ ಸಪ್ಪೆ ಎಂದರೆ ಅನುಮಾನಪಡಿ.

ಹಿಮಾಲಯದ ದೊಡ್ಡ ಕಂಪನಗಳೂ ಸಿಗುತ್ತವೆ. ನೇಪಾಳದ 2015ರ ಗೋರ್ಖಾ ಭೂಕಂಪದ ಕೇಂದ್ರ ಇಲ್ಲಿಂದ ಸುಮಾರು 1,800 ಕಿ.ಮೀ.; ಅಷ್ಟು ದೂರವನ್ನು ಪಿ ಅಲೆ 4 ನಿಮಿಷದೊಳಗೆ ಕ್ರಮಿಸುತ್ತದೆ. 0.7ರಿಂದ 2 ಹರ್ಟ್ಜ್ ನಡುವೆ ಹುಡುಕಿ. ಅದರ ಹಿಂದೆ ಬರುವ 20 ಸೆಕೆಂಡ್ ಅವಧಿಯ ಮೇಲ್ಮೈ ಅಲೆಗಳಿಗೆ ಮಾತ್ರ ಈ ಕಿವಿ ಮಂದ.

ಪರ್ವತ ಹೇಗೆ ಎದ್ದಿತೆಂದು ತಿಳಿಯಲು ಇದನ್ನು ಕೊಳ್ಳಬೇಡಿ. ಅದಕ್ಕೆ ಭೂಚಿಪ್ಪಿನ ದಪ್ಪ ಅಳೆಯಬೇಕು. ಭೂಚಿಪ್ಪಿನ ತಳದಲ್ಲಿ ಪಿ ಅಲೆಯ ಒಂದು ಪಾಲು ಎಸ್ ಆಗಿ ತಿರುಗಿ ತಡವಾಗಿ ಬರುತ್ತದೆ: ಚಿಪ್ಪು 35 ಕಿ.ಮೀ. ದಪ್ಪವಿರುವ ನಮ್ಮ ಕಡೆ 4 ಸೆಕೆಂಡ್ ಚಿಲ್ಲರೆ, 70 ಕಿ.ಮೀ. ದಪ್ಪವಿರುವ ಟಿಬೆಟ್‌ನಲ್ಲಿ ಅದರ ಇಮ್ಮಡಿ. ಈ ಪಾಲು ಹೆಚ್ಚಾಗಿ ಅಡ್ಡಡ್ಡ ಅಲುಗಾಟದಲ್ಲಿ ಕಾಣುವುದರಿಂದ 1ಡಿಯಲ್ಲಿ ಅಳೆಯಲಾಗದು. ಅರ್ಥ್‌ಸ್ಕೋಪ್ ಎಂಬ ಆನ್‌ಲೈನ್ ಭೂಕಂಪ ದತ್ತಾಂಶ ಭಂಡಾರದಲ್ಲಿ ಮೂರು ದಿಕ್ಕಿನ ಬ್ರಾಡ್‌ಬ್ಯಾಂಡ್ (ನಿಧಾನ, ವೇಗ ಎರಡೂ ಬಗೆಯ ಅಲುಗಾಟ ಹಿಡಿಯುವ) ಮಾಪಕಗಳ ದತ್ತಾಂಶ ಉಚಿತ. ಒಂದು ಲ್ಯಾಪ್‌ಟಾಪ್, ಪೈಥಾನ್ ಭಾಷೆಯ ಭೂಕಂಪ ದತ್ತಾಂಶ ತಂತ್ರಾಂಶವಾದ ಆಬ್ಸ್‌ಪೈ ಇದ್ದರೆ ಕೆಲಸ ಶುರುಮಾಡಬಹುದು.